ಒನ್ನೋನ ಕೆಂಪು ಕೀ

ಈ ಸಂಗತಿ ಹೇಳುವಾಗ ನನಗೆ ಹೆದರಿಕೆ ಆಗುವುದಿಲ್ಲ. ಸಿಟ್ಟು ಬರುತ್ತದೆ. ಹದಿನೇಳು ವರ್ಷ ಆಯಿತು, ಇನ್ನೂ ಬರುತ್ತದೆ. ಚಹಾ ಬಗ್ಗಿಸಿಕೊಳ್ಳಿ, ಕಲ್ಲುಸಕ್ಕರೆ ಅಲ್ಲೇ ಇದೆ. ಸಾಕಾದವರು ಬಟ್ಟಲಲ್ಲಿ ಚಮಚ ಇಟ್ಟುಬಿಡಿ, ಇಲ್ಲದಿದ್ದರೆ ನಾನು ಬಗ್ಗಿಸುತ್ತಲೇ ಇರುತ್ತೇನೆ. ಆ ದೀಪ ಒಂದು ಆರಿಸಿ... ಹ್ಞಾ. ಇನ್ನು ಯಾರೂ ಮಧ್ಯೆ ಬಾಯಿ ಹಾಕಬೇಡಿ.

ಒನ್ನೋ ನನ್ನ ದೊಡ್ಡಪ್ಪನ ಮಗ. ಕಾರು ರಿಪೇರಿ ಮಾಡುವವನು. ಅವನ ಮಗಳು ತಾಲ್ಕೆ, ಅವಳೂ ಅದೇ ಕಸುಬು. ಇದು ತಾಲ್ಕೆಗೆ ಆದದ್ದು.

ಡಿಸೆಂಬರ್ ತಿಂಗಳು. ನಮ್ಮ ಉಟ್ಟರ್‌ಸೀಲ್‌ನಲ್ಲಿ ಆಗ ನಾಲ್ಕೂವರೆಗೇ ಕತ್ತಲು. ಆರು ಗಂಟೆಯ ಬಸ್ಸು ಅವಳನ್ನು ಸಮುದ್ರದ ಒಡ್ಡಿನ ಹತ್ತಿರ ಇಳಿಸಿ ಹೋಯಿತು. ಮಂಜು ಎಂದರೆ... ಚಾಚಿದ ಕೈ ಕಾಣದಂಥ ಮಂಜು. ಅವಳಿಗೆ ಕಾರು ಇರಲಿಲ್ಲ. ಅಪ್ಪ ಸಾಯುವಾಗ ಬಿಟ್ಟುಹೋದ ಹಸಿರು ಕಾರನ್ನು ಪೊಲೀಸರು ಎಳೆದುಕೊಂಡು ಹೋಗಿ ಪಟ್ಟಣದ ಠಾಣೆಯ ಅಂಗಳದಲ್ಲಿ ಬೀಗ ಹಾಕಿ ಇಟ್ಟಿದ್ದರು. ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ಯಾಕೆ ಅನ್ನುವುದನ್ನು ಹೇಳುತ್ತೇನೆ, ತಡೆಯಿರಿ.

ಓಣಿಯ ತಿರುವಿನಲ್ಲಿ ನಮ್ಮ ಬಾವಿ. ಹದಿನಾಲ್ಕು ಮನೆಗೂ ಸೇರಿದ್ದು. ನಲ್ಲಿ ಬಂದ ಮೇಲೆ ಯಾರೂ ನೀರು ಸೇದುವುದಿಲ್ಲ. ಆದರೂ ವರ್ಷಕ್ಕೊಬ್ಬ ಬಾವಿ ಯಜಮಾನ ಆಗಲೇಬೇಕು. ಬಾವಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ, ಬೀಗದ ಕೀ ಯಜಮಾನನ ಹತ್ತಿರ. ಬೇಸಿಗೆ ಹೊತ್ತಿಗೆ ಬರುವ ಪೆಂಟೆಕೋಸ್ಟ್ ಹಬ್ಬದ ದಿನ ಅವನು ಮುಚ್ಚಳ ತೆಗೆಯಬೇಕು, ಎಲ್ಲರೂ ಸೇರಿ ಕೆಸರು ಎತ್ತಬೇಕು, ಆಮೇಲೆ ಬಿಯರು. ಆ ವರ್ಷದ ಯಜಮಾನ ಐಲರ್ಟ್. ತಾಲ್ಕೆಯ ಪಕ್ಕದ ಮನೆಯವನು.

ತಾಲ್ಕೆ ಬಾವಿ ದಾಟುತ್ತಿದ್ದಳು. ಆಗ ಕೇಳಿಸಿತು.

ಝೀ............

ಸಣ್ಣ ಸದ್ದು. ಡಬ್ಬಿಯೊಳಗೆ ಜೇನುನೊಣ ಹೊಕ್ಕ ಹಾಗೆ. ನಿಂತಿತು. ಆಮೇಲೆ... ಕಿರ್ರ್... ಕಿರ್ರ್... ಬ್ರುಮ್! ಒಂದು... ಎರಡು... ಫಟ್.

ಮತ್ತೆ ಏನೂ ಇಲ್ಲ.

ಅವಳು ಟಾರ್ಚು ಬಿಟ್ಟು ನೋಡಿದಳು. ಬಾವಿ ಇದೆ. ಬೇಲಿ ಇದೆ. ಕಾರು ಇಲ್ಲ. ಒದ್ದೆ ಮಣ್ಣಿನ ಮೇಲೆ ಚಕ್ರದ ಗುರುತೂ ಇಲ್ಲ.

ಝೀ............ ಕಿರ್ರ್... ಕಿರ್ರ್... ಬ್ರುಮ್! ಒಂದು... ಎರಡು... ಫಟ್.

ಮೂರು ಸಲ ಹಾಗೇ. ಅವಳು ಓಡಲಿಲ್ಲ. ಓಡುವ ಹುಡುಗಿ ಅಲ್ಲ ಅವಳು. ಆದರೆ ತನ್ನ ಮನೆಗೆ ಹೋಗದೆ ನೆಟ್ಟಗೆ ನಮ್ಮ ಮನೆಗೆ ಬಂದು, ಕೋಟೂ ಬಿಚ್ಚದೆ ಕೂತಳು.

"ಅತ್ತೇ... ಅದು ಅಪ್ಪನ ಕಾರಿನ ಸದ್ದು. ಮೊದಲು ಪೆಟ್ರೋಲ್ ಪಂಪು ಝೀ ಅನ್ನೋದು, ಆಮೇಲೆ ಸೆಲ್ಫು."

"ಕಾರು ಪೊಲೀಸರ ಹತ್ರ ಇದೆಯಲ್ಲೇ."

"ಗೊತ್ತು ಅತ್ತೆ. ಆದ್ರೂ ಅದು ಅಪ್ಪನ ಕಾರೇ."

ಈಗ ಹಿಂದಿನದು ಹೇಳುತ್ತೇನೆ.

ಒನ್ನೋನ ಶೆಡ್ಡಿನಲ್ಲಿ ಯಾವಾಗಲೂ ಒಲೆಯ ಮೇಲೆ ಚಹಾ ಇರುತ್ತಿತ್ತು. ನಾನು ಹೋದಾಗಲೆಲ್ಲ ಐಲರ್ಟ್ ಅಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದ. ನಲವತ್ತು ವರ್ಷ ಅದೇ ಬೆಂಚು, ಅದೇ ಚಹಾ. ನಾನು ಓದಿದವಳಲ್ಲ. ಒಂದು ದಿನ ಕೇಳಿದೆ, "ಒನ್ನೋ, ಈಗಿನ ಕಾರು ಕದಿಯೋಕೆ ಆಗಲ್ಲ ಅಂತಾರಲ್ಲ, ಅದು ಹೇಗೋ?"

ಅವನು ಒಂದು ಕೀ ತೆಗೆದು ಅದರ ಪ್ಲಾಸ್ಟಿಕ್ ತಲೆಯನ್ನು ಬಿಚ್ಚಿ ತೋರಿಸಿದ. "ಇಲ್ನೋಡು ಗೇಶೆ. ಅಕ್ಕಿಕಾಳಿನಷ್ಟು ಗಾಜು. ಇದಕ್ಕೆ ಬ್ಯಾಟರಿ ಇಲ್ಲ, ಸತ್ತ ಹಾಗೆ ಮಲಗಿರುತ್ತೆ. ಕೀ ಒಳಗೆ ಹೋದ ಕೂಡಲೇ ಬೀಗದ ಸುತ್ತ ಇರೋ ತಂತಿ ಬಳೆ ಇದನ್ನ ಎಬ್ಬಿಸಿ, ಯಾರು ನೀನು ಅಂತ ಕೇಳುತ್ತೆ. ಈ ಕಾಳು ತನ್ನ ಗುಟ್ಟು ಹೇಳುತ್ತೆ. ಎಂಜಿನ್ ಹತ್ರ ಒಂದು ಪೆಟ್ಟಿಗೆ ಇದೆ, ಅದು ಕೇಳಿಸ್ಕೊಳ್ಳುತ್ತೆ. ಗುರುತಿದ್ರೆ ಸರಿ. ಗುರುತಿಲ್ದೆ ಇದ್ರೆ ಪೆಟ್ರೋಲೂ ಬಂದ್, ಕಿಡಿಯೂ ಬಂದ್."

"ಹಲ್ಲು ಸರಿಯಾಗಿ ಕಡಿದ ಕೀ ತಂದ್ರೆ?"

"ಬೀಗ ತಿರುಗುತ್ತೆ. ಸೆಲ್ಫೂ ಹೊಡೆಯುತ್ತೆ. ಎಂಜಿನ್ ಎದ್ದು, ಎರಡೇ ಉಸಿರು, ಸತ್ತು ಬೀಳುತ್ತೆ. ಮುಂದೆ ಕೀ ಚಿತ್ರದ ದೀಪ ಪಿಳಿಪಿಳಿ ಅಂತ ಕಳ್ಳನ್ನ ನೋಡಿ ನಗ್ತಾ ಇರುತ್ತೆ."

ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಕೆಂಪು ಕೀ ತೆಗೆದ. "ಇದು ಮೇಷ್ಟ್ರು. ಓಡಿಸೋಕಲ್ಲ, ಪಾಠ ಹೇಳೋಕೆ. ಕೆಂಪು ಹಾಕಿ ತೆಗಿ, ಹೊಸದು ಹಾಕಿ ತೆಗಿ, ಮತ್ತೆ ಕೆಂಪು. ಅಷ್ಟೇ, ಪೆಟ್ಟಿಗೆ ಹೊಸದನ್ನೂ ಮನೆಯವನು ಅಂತ ಬರ್ಕೊಳ್ಳುತ್ತೆ. ಈ ಕೆಂಪು ಹೋದ್ರೆ ಮುಗೀತು, ಈ ಕಾರಿಗೆ ಇನ್ನೊಂದು ಕೀ ಹುಟ್ಟಲ್ಲ."

"ಹೆಂಡತಿಗಿಂತ ಜೋಪಾನ ಮಾಡ್ತಾನೆ ಅದನ್ನ," ಅಂದ ಐಲರ್ಟ್ ಬೆಂಚಿನಿಂದ. ಮೂವರೂ ನಕ್ಕೆವು. ನಾನೂ ನಕ್ಕೆ ನೋಡಿ.

ಒನ್ನೋ ಅಕ್ಟೋಬರ್ ಕೊನೆಗೆ ಹೋದ. ಎದೆ ಹಿಡಿದುಕೊಂಡಿತಂತೆ, ಅಷ್ಟೇ. ನಮ್ಮಲ್ಲಿ ಸತ್ತವರನ್ನು ಮನೆಯವರು ಮುಟ್ಟುವುದಿಲ್ಲ. ತೊಳೆಯುವುದು, ಬಟ್ಟೆ ತೊಡಿಸುವುದು, ಹೊರುವುದು, ಎಲ್ಲ ಅಕ್ಕಪಕ್ಕದವರ ಕೆಲಸ. ಅಲ್ಲಿ ಅವರು ಏನು ನೋಡಿದರೋ ಏನು ಮಾಡಿದರೋ, ಅವರ ಮಾತೇ ಕೊನೆ. ಒನ್ನೋನಿಗೆ ಭಾನುವಾರದ ಕೋಟು ತೊಡಿಸಿದವರು ಇಬ್ಬರು. ಬಲಗಡೆ ಮನೆಯ ಐಲರ್ಟ್, ಎಡಗಡೆ ಮನೆಯ ಮುದುಕ ಹಾರ್ಮ್.

ಮಣ್ಣು ಮಾಡಿ ಬಂದ ದಿನ ಹಾರ್ಮ್ ನನ್ನ ಕಿವಿಯಲ್ಲಿ ಹೇಳಿದ. "ಗೇಶೆ, ಅವನ ಬೆಂಚಿನ ಮೇಲೆ ಎರಡು ಹೊಸ ಕೀ ಇದ್ವು. ತನ್ನ ಕಾರಿಗೇ ಕಡಿದಿಟ್ಟಿದ್ದ, ಇನ್ನೂ ಪಾಠ ಹೇಳಿರ್ಲಿಲ್ಲ. ಒಂದನ್ನ ಅವನ ಕೈಗೆ ಕೊಟ್ಟು ಕಳಿಸ್ದೆ. ಕಸುಬಿನವನು ಬರಿಗೈಲಿ ಹೋಗೋದು ನನಗೆ ಸರಿ ಕಾಣ್ಲಿಲ್ಲ." ನಾನು ಒಳ್ಳೇದು ಮಾಡಿದೆ ಎಂದೆ, ಮರೆತೆ.

ತಾಲ್ಕೆ ಐಲರ್ಟನನ್ನು ಕೇಳಿದಳು, "ಮಾವ, ಕೆಂಪು ಕೀ?"

"ಅವನ ಜೇಬಲ್ಲೇ ಬಿಟ್ಟೆ ಮಗಳೇ. ಸತ್ತವನ ಜೇಬಿಗೆ ಕೈ ಹಾಕೋ ಜನ ಅಲ್ಲ ನಾವು."

ಅದಕ್ಕೆ ಎದುರು ಮಾತು ಇಲ್ಲ. ಕಾರು ಓಡಿಸುವ ಕಪ್ಪು ಕೀ ಒಂದು ಅವಳ ಕೊರಳಲ್ಲಿ ಇತ್ತು, ಅದೇ ಸಾಕು ಎಂದುಕೊಂಡಳು.

ನವೆಂಬರಿನ ಒಂದು ಗುರುವಾರ. ಗುರುವಾರ ಸಂಜೆ ಚರ್ಚಿನಲ್ಲಿ ಹಾಡಿನ ಅಭ್ಯಾಸ, ತಾಲ್ಕೆ ತಪ್ಪಿಸುವುದಿಲ್ಲ. ಆ ದಿನ ಜ್ವರ. ಮಾತ್ರೆ ನುಂಗಿ ಒಬ್ಬಳೇ ಮಲಗಿದ್ದಳು. ಅಭ್ಯಾಸ ಮುಗಿಸಿ ಆರ್ಗನ್ ನುಡಿಸುವ ಫೆನ್ನಾ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದಳು. ಒಡ್ಡಿನ ರಸ್ತೆಯಲ್ಲಿ ಒಂದು ಕಾರು ಹಿಂದಿನಿಂದ ಗುದ್ದಿ ನಿಲ್ಲದೆ ಹೋಯಿತು. ಫೆನ್ನಾ ಕಾಲುವೆಯಲ್ಲಿ ಎರಡು ಗಂಟೆ ಬಿದ್ದಿದ್ದಳು. ನೀರು ಆಳ ಇರಲಿಲ್ಲ, ಅದಕ್ಕೆ ಬದುಕಿದಳು. ಸೊಂಟ ಮುರಿದಿತ್ತು. ಪ್ರಜ್ಞೆ ಇರಲಿಲ್ಲ.

ಸೈಕಲ್ಲಿಗೆ ಹಸಿರು ಬಣ್ಣ ಅಂಟಿತ್ತು. ಬೆಳಿಗ್ಗೆ ಪೊಲೀಸರು ಬಂದು ತಾಲ್ಕೆಯ ಶೆಡ್ಡು ತೆಗೆಸಿದರು. ಹಸಿರು ಕಾರು ತನ್ನ ಜಾಗದಲ್ಲೇ ಇತ್ತು. ಹೆಡ್‌ಲೈಟ್ ಒಡೆದಿತ್ತು.

"ಬೀಗ ಮುರಿದಿಲ್ಲ. ತಂತಿ ಕತ್ತರಿಸಿಲ್ಲ," ಅಂದ ಪೊಲೀಸು. "ಈ ಕಾರು ಕೀ ಇಲ್ಲದೆ ಏಳಲ್ಲ. ಕೀ ಎಷ್ಟಿವೆ?"

"ಕಪ್ಪು ಒಂದು ನನ್ನ ಹತ್ರ. ಕೆಂಪು ಅಪ್ಪನ ಜೊತೆ ಮಣ್ಣಲ್ಲಿ."

"ಹಾಗಾದ್ರೆ ಓಡಿಸಿದ್ದು ನೀವೇ."

"ಪೆಟ್ಟಿಗೆನ ಕೇಳಿ ಸ್ವಾಮಿ! ತನಗೆ ಎಷ್ಟು ಕೀ ಗೊತ್ತು ಅಂತ ಅದೇ ಹೇಳುತ್ತೆ. ಕೇಳೋ ಯಂತ್ರ ನನ್ನ ಹತ್ರಾನೇ ಇದೆ, ತರ್ತೀನಿ."

"ನಿಮ್ಮ ಯಂತ್ರ ನಿಮ್ಮ ಪರವಾಗೇ ಹೇಳುತ್ತೆ. ನಮ್ಮ ತಜ್ಞರು ಬರ್ತಾರೆ, ಒಂದೂವರೆ ತಿಂಗಳಾಗುತ್ತೆ. ಒಂದು ಕೀ ಜಾಸ್ತಿ ಇದ್ರೂ ಏನಮ್ಮಾ? ಅದಕ್ಕೆ ಪಾಠ ಹೇಳೋಕೆ ಈ ಊರಲ್ಲಿ ಬರೋದು ಯಾರಿಗೆ?"

ನೋಡಿ, ನನಗೆ ರಕ್ತ ಕುದಿಯುವುದು ಇಲ್ಲಿ. ಯಂತ್ರ ಸುಳ್ಳು ಹೇಳುವುದಿಲ್ಲವಂತೆ. ಸರಿ, ಹೇಳುವುದಿಲ್ಲ. ಹಾಗಾದರೆ ಮನುಷ್ಯರು? ಯಂತ್ರ ಕೀ ನೋಡುತ್ತದೆ, ಕೀ ಹಿಡಿದ ಕೈಯನ್ನು ನೋಡುತ್ತದೆಯೇ? ಕಾರಿನ ಲೈಸೆನ್ಸು ಕಿತ್ತುಕೊಂಡರು. ಫೆನ್ನಾ ಸತ್ತರೆ ಜೈಲು ಎಂದರು. ತಾಲ್ಕೆ ದಿನಾ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುವಳು. ಫೆನ್ನಾಳ ತಂಗಿ ಬಾಗಿಲಲ್ಲೇ ನಿಲ್ಲಿಸಿ, "ನೋಡೋಕೆ ಬಂದ್ಯಾ, ಇನ್ನೂ ಉಸಿರಾಡ್ತಿದಾಳಾ ಅಂತ?" ಎಂದು ವಾಪಸು ಕಳಿಸುವಳು.

ಓಣಿಯವರೂ ಮಾತು ಬಿಟ್ಟರು. ಅದಕ್ಕಿಂತ ದೊಡ್ಡದು ಐಲರ್ಟ್ ಮಾಡಿದ್ದು. ಡಿಸೆಂಬರಿನ ಮೊದಲ ವಾರ ಮುದುಕಿ ಹಿಲ್ಕಾ ತೀರಿಕೊಂಡಳು. ಸಾವಾದರೆ ಬಾವಿ ಯಜಮಾನ ಮನೆಮನೆಗೆ ಹೋಗಿ ಬಾಗಿಲು ಬಡಿದು ಹೇಳಬೇಕು. ಜಗಳ ಇದ್ದರೂ ಹೇಳಬೇಕು. ಐಲರ್ಟ್ ಒಂದೊಂದೇ ಮನೆ ಬಡಿಯುತ್ತ ಬಂದ. ತಾಲ್ಕೆ ಕೋಟು ಹಾಕಿಕೊಂಡು ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ಅವನ ಬೂಟಿನ ಸದ್ದು ಬಾಗಿಲ ಮುಂದೆ ನಿಂತಿತು... ಆಮೇಲೆ ಮುಂದೆ ಹೋಯಿತು. ಉಳಿದ ಮನೆಯೆಲ್ಲ ಬಡಿದ. ಅವಳ ಮನೆ ಬಿಟ್ಟ. ನಮ್ಮ ಓಣಿಯಲ್ಲಿ ಬದುಕಿರುವವರಿಗೆ ಹೀಗೆ ಮಾಡಿದ್ದು ನಾನು ಕಂಡಿರಲಿಲ್ಲ.

ಅದಾದ ಮೂರನೇ ದಿನವೇ ಬಾವಿ ಹತ್ತಿರ ಆ ಸದ್ದು.

ಮಾರನೇ ಸಂಜೆ ನಾನೂ ಹೋದೆ. ಕಾಲು ನೋವು, ಕೋಲು ಹಿಡಿದು ಹೋದೆ. ಅದೇ ಮಂಜು. ಬೇಲಿಗೆ ಒರಗಿ ನಿಂತೆವು.

ಝೀ............

ನಾನು ಕೋಲನ್ನು ಮಣ್ಣಿಗೆ ಊರಿದೆ.

"ಅತ್ತೆ... ಎಣಿಸಿ," ಅಂದಳು ಪಿಸುಮಾತಿನಲ್ಲಿ.

ಕಿರ್ರ್... ಕಿರ್ರ್... ಬ್ರುಮ್!

"ಒಂದು... ಎರಡು..."

ಫಟ್.

"ಇದು ಪಾಠ ಹೇಳದ ಕೀ ಸದ್ದು ಅತ್ತೆ. ಹಲ್ಲು ಸರಿ ಇದೆ. ಪೆಟ್ಟಿಗೆಗೆ ಗುರುತಿಲ್ಲ."

ಆಗ ನನಗೆ ಹಾರ್ಮ್ ಹೇಳಿದ್ದು ನೆನಪಾಯಿತು. ಹೇಳಿದೆ. ಅಪ್ಪನ ಕೈಯಲ್ಲಿ ಹೊಸ ಕೀ ಇಟ್ಟಿದ್ದಾರೆ ಮಗಳೇ ಅಂತ.

ಅವಳು ಬೇಲಿ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು. ಮತ್ತೆ ಎಂಜಿನ್ ಎದ್ದಿತು, ಸತ್ತಿತು. ಈ ಸಲ ಸೆಲ್ಫ್ ಹೊಡೆದದ್ದು ಹೇಗಿತ್ತೆಂದರೆ... ಹಲ್ಲು ಕಡಿದ ಹಾಗೆ ಇತ್ತು. ಸಿಟ್ಟು ಬಂದಾಗ ಒನ್ನೋ ಹಾಗೇ ಹಲ್ಲು ಕಡಿಯುತ್ತಿದ್ದ.

"ಅತ್ತೆ," ಅಂದಳು. "ಕೆಂಪು ಕೀ ಅಪ್ಪನ ಜೇಬಲ್ಲೇ ಇದ್ದಿದ್ರೆ, ಹೊಸದಕ್ಕೆ ಪಾಠ ಹೇಳೋಕೆ ಅವನಿಗೆ ಎಷ್ಟು ಹೊತ್ತು?"

"ನನಗೇನು ಗೊತ್ತೇ?"

"ಒಂದು ನಿಮಿಷ. ಕೆಂಪು ಅವನ ಹತ್ರ ಇಲ್ಲ. ಅದನ್ನೇ ಹುಡುಕ್ತಿದಾನೆ." ಟಾರ್ಚಿನ ಬೆಳಕು ನಿಧಾನಕ್ಕೆ ಬಾವಿಯ ಮುಚ್ಚಳದ ಮೇಲೆ ಹೋಯಿತು. ಬೀಗದ ಮೇಲೆ ನಿಂತಿತು. "ಇಲ್ಲಿಗೇ ಯಾಕೆ ಬರ್ತಾನೆ ಅತ್ತೆ?"

ಮಾರನೇ ದಿನ ಶನಿವಾರ. ಸಂಜೆ ಐದು ಗಂಟೆಗೆ ಅವಳು ಐಲರ್ಟನ ಬಾಗಿಲು ಬಡಿದಳು. ನಾನು ಹಿಂದೆ ಇದ್ದೆ.

"ಬಾವಿ ಮುಚ್ಚಳ ತೆಗೀಬೇಕು ಮಾವ."

"ತಲೆ ಕೆಟ್ಟಿದ್ಯಾ? ಪೆಂಟೆಕೋಸ್ಟಿಗೆ ಮುಂಚೆ ಬಾವಿ ತೆಗೆಯೋದು ಯಾರಪ್ಪನ ಕಾಲದಲ್ಲಿತ್ತು?"

"ಬೀಗದ ಕೀ ಕೊಡಿ."

"ಹೆಂಗಸನ್ನ ಗುದ್ದಿ ಓಡಿ ಬಂದವಳಿಗೆ ಬಾವಿ ಕೀ ಬೇರೆ ಕೊಡ್ತೀನಿ. ಹೋಗೇ!"

ಅವಳು ತಿರುಗಿ ಹೊರಟಳು. ಶೆಡ್ಡಿಗೆ ಹೋಗಿ ಬೀಗ ಕತ್ತರಿಸುವ ಉದ್ದನೆ ಕತ್ತರಿ ತಂದಳು. ದಾರಿಯಲ್ಲಿ ಹಾರ್ಮನ ಬಾಗಿಲು ಬಡಿದಳು, ಅದರ ಪಕ್ಕದ್ದು ಬಡಿದಳು, ಉಳಿದವನ್ನೂ ಬಡಿದಳು, ಐಲರ್ಟ್ ಬಡಿದ ಹಾಗೇ. ಜನ ಸ್ವೆಟರ್ ಏರಿಸಿಕೊಳ್ಳುತ್ತ ಬೈಯುತ್ತ ಬಂದರು.

ಟಕ್! ಬೀಗ ಎರಡು ತುಂಡಾಯಿತು.

"ಪೊಲೀಸಿಗೆ ಫೋನ್ ಮಾಡ್ರೋ!" ಎಂದು ಐಲರ್ಟ್ ಕೂಗಿದ. ಯಾರೂ ಅಲುಗಾಡಲಿಲ್ಲ. ನಾನು ಕೋಲು ಅಡ್ಡ ಹಿಡಿದು ಅವನ ಮುಂದೆ ನಿಂತಿದ್ದೆ. "ಮುಂದೆ ಬಾ ನೋಡೋಣ. ನಲವತ್ತು ವರ್ಷ ಅವನ ಚಹಾ ಕುಡಿದವನು ನೀನು," ಎಂದೆ.

ಬಿದ್ದ ಮೊಳೆ ಎತ್ತಲು ಒನ್ನೋ ಇಟ್ಟುಕೊಂಡಿದ್ದ ಅಯಸ್ಕಾಂತವನ್ನು ಅವಳು ಹಗ್ಗಕ್ಕೆ ಕಟ್ಟಿ ಇಳಿಸಿದಳು. ಮೊದಲ ಸಲ ಬಂದದ್ದು ಬಾಟಲಿ ಮುಚ್ಚಳ. ಎರಡನೇ ಸಲ ಹಳೇ ಬಾಗಿಲ ಚಿಲಕ. ಯಾರೋ ಹಿಂದಿನಿಂದ ನಕ್ಕರು. ಮೂರನೇ ಸಲ ಬಂದದ್ದು ಉಕ್ಕಿನ ಬಳೆ, ಬಳೆಯಲ್ಲಿ ಕೆಂಪು ಕೀ. ಅದರ ತಲೆಯನ್ನು ಸುತ್ತಿಗೆಯಿಂದ ಚಚ್ಚಿದ್ದರು. ಒಳಗಿನ ಗಾಜಿನ ಕಾಳು ಪುಡಿಪುಡಿ.

ಹಾರ್ಮ್ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. "ಇದು ಅವನ ಜೇಬಲ್ಲಿದೆ ಅಂದ್ಯಲ್ಲೋ ಐಲರ್ಟ್."

"ಒನ್ನೋನೇ... ಒನ್ನೋನೇ ಸಾಯೋಕೆ ಮುಂಚೆ ಎಸೆದಿರಬೇಕು."

"ಮುಚ್ಚಳದ ಕೀ ಹಬ್ಬದಿಂದ ನಿನ್ನ ಸೊಂಟದಲ್ಲಿದೆ."

ಆಗ... ಕೇಳಿ. ಹದಿನಾಲ್ಕು ಮನೆಯವರು ಇದ್ದೆವು.

ಝೀ............

ಎಲ್ಲರೂ ಸದ್ದಿನ ಕಡೆ ತಿರುಗಿದೆವು.

ಕಿರ್ರ್... ಕಿರ್ರ್... ಬ್ರುಮ್!

"ಒಂದು," ಅಂದಳು ತಾಲ್ಕೆ. ಪಿಸುಮಾತಲ್ಲ, ಗಟ್ಟಿಯಾಗಿ. "ಎರಡು... ಮೂರು... ನಾಲ್ಕು..."

ಸಾಯಲಿಲ್ಲ. ಎಂಜಿನ್ ಸಾಯಲೇ ಇಲ್ಲ. ಗುರ್ರ್ ಎಂದು ನಿಂತಲ್ಲೇ ಓಡಿತು. ಆಮೇಲೆ ಒದ್ದೆ ಮಣ್ಣು ಚಕ್ರದಡಿ ಪಚಪಚ ಅಂದಿತು. ಕಣ್ಣೆದುರಿಗೆ ಏನೂ ಇಲ್ಲ, ಬರೀ ಮಂಜು. ಆ ಸದ್ದು ನಮ್ಮ ಮಧ್ಯದಿಂದಲೇ ನಡೆಯುವ ವೇಗದಲ್ಲಿ ಹಾದುಹೋಯಿತು. ನನ್ನ ಲಂಗಕ್ಕೆ ಬಿಸಿಗಾಳಿ ತಗುಲಿತು. ಐಲರ್ಟ್ ಒಂದು ಹೆಜ್ಜೆ ಹಿಂದಿಟ್ಟ. ಸದ್ದು ಒಂದು ಹೆಜ್ಜೆ ಮುಂದೆ ಬಂತು. ಅವನು ಮತ್ತೊಂದು ಇಟ್ಟ. ಅದೂ ಇಟ್ಟಿತು. ಬಾವಿಯ ಕಟ್ಟೆ ಅವನ ಕಾಲಿಗೆ ತಗುಲಿತು, ಹಿಂದೆ ತೆರೆದ ಬಾವಿ. ಎಂಜಿನ್ ಅವನ ಮೊಣಕಾಲಿನ ಹತ್ತಿರ ನಿಂತು ಗುರುಗುಟ್ಟುತ್ತಿತ್ತು.

"ಸಾಕು ಒನ್ನೋ!" ಎಂದು ಕುಸಿದು ಕೂತ. "ಸಾಕು ಮಾರಾಯ... ಕೊಡ್ತೀನಿ."

ತಂಬಾಕಿನ ಚೀಲ ಬಿಚ್ಚಿದ. ಒಳಗೆ ಒಂದು ಹೊಸ ಕೀ. ಬೆಂಚಿನ ಮೇಲಿದ್ದ ಎರಡರಲ್ಲಿ ಇನ್ನೊಂದು.

ಆ ಕ್ಷಣಕ್ಕೆ ಸದ್ದು ನಿಂತಿತು.

ಕುಡಿದು ಓಡಿಸಿದ್ದಕ್ಕೆ ಐಲರ್ಟನ ಲೈಸೆನ್ಸು ಎರಡು ವರ್ಷದ ಹಿಂದೆಯೇ ಹೋಗಿತ್ತು. ಅವನ ಕಾರಿನ ಕೀಯನ್ನು ಹೆಂಡತಿ ಬಚ್ಚಿಟ್ಟಿದ್ದಳು. ತಾಲ್ಕೆ ಹಾಡಲು ಹೋಗುವ ಗುರುವಾರಗಳಂದು ಇವನು ಒನ್ನೋನ ಕಾರು ತೆಗೆದುಕೊಂಡು ಪಟ್ಟಣದ ಹೆಂಡದಂಗಡಿಗೆ ಹೋಗಿ ಬಂದು ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದ. ಅಷ್ಟಕ್ಕೇ! ಗೆಳೆಯನಿಗೆ ಬಟ್ಟೆ ತೊಡಿಸುತ್ತ ಅವನ ಜೇಬಿಗೆ ಕೈ ಹಾಕಿದ್ದು ಅಷ್ಟಕ್ಕೇ. ಕೆಂಪು, ಹೊಸದು, ಕೆಂಪು... ಬೆಂಚಿನ ಮೇಲೆ ಕೂತು ಕಲಿತದ್ದು. ಪಾಠ ಮುಗಿದ ಮೇಲೆ, ಯಾರಿಗೂ ಸಿಗಬಾರದು ಅಂತ ಕೆಂಪನ್ನು ಚಚ್ಚಿ ಬಾವಿಗೆ ಹಾಕಿದ್ದ.

"ಮಂಜಲ್ಲಿ ಕಾಣ್ಲಿಲ್ಲ ತಾಲ್ಕೆ," ಎಂದು ಅತ್ತ.

"ಗುದ್ದಿದ ಮೇಲೆ?"

ಅವನು ತಂಬಾಕಿನ ಚೀಲ ಮಡಚತೊಡಗಿದ.

"ಗುದ್ದಿದ ಮೇಲೆ ಕಾಣಿಸ್ತಾ ಅಂತ ಕೇಳ್ದೆ. ಎರಡು ಗಂಟೆ ಬಿದ್ದಿದ್ದಳು ಅವಳು. ನನ್ನ ಬಾಗಿಲು ಬಿಟ್ಟು ಹೋದೆಯಲ್ಲ, ಆಗ ಕಾಣಿಸ್ತಾ?"

ಆ ರಾತ್ರಿಯೇ ಪೊಲೀಸರು ಐಲರ್ಟನನ್ನು ಕರೆದುಕೊಂಡು ಹೋದರು. ಜೈಲಿನಿಂದ ಬಂದ ಮೇಲೆ ಬೇರೆ ಊರಿಗೆ ಹೋದ. ಫೆನ್ನಾ ಕ್ರಿಸ್ಮಸ್ಸಿಗೆ ಮೂರು ದಿನ ಮುಂಚೆ ಕಣ್ಣು ಬಿಟ್ಟಳು. ಈಗಲೂ ಕುಂಟುತ್ತಾಳೆ, ಈಗಲೂ ಆರ್ಗನ್ ನುಡಿಸುತ್ತಾಳೆ. ಓಣಿಯವರೆಲ್ಲ ಕೇಕು ಹಿಡಿದುಕೊಂಡು ತಾಲ್ಕೆಯ ಬಾಗಿಲಿಗೆ ಬಂದರು. ಅವಳು ಕೇಕು ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ನಾನಾಗಿದ್ದರೆ ಕೇಕೂ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ನೊಂದೇ ಮಾತು, ಆಮೇಲೆ ಮಲಗಿ.

ಜನವರಿಯಲ್ಲಿ ಆ ತಜ್ಞ ಬಂದ. ತೆಳ್ಳಗಿನ ಮನುಷ್ಯ, ಶೀತ ಆಗಿತ್ತು. ಠಾಣೆಯ ಅಂಗಳದ ಬೀಗ ತೆಗೆಸಿ, ಹಸಿರು ಕಾರಿಗೆ ತನ್ನ ಯಂತ್ರ ಸಿಕ್ಕಿಸಿದ. ತಾಲ್ಕೆ, ಹಾರ್ಮ್, ನಾನು ಪಕ್ಕದಲ್ಲೇ ನಿಂತಿದ್ದೆವು. ಪೆಟ್ಟಿಗೆಗೆ ಎಷ್ಟು ಕೀ ಗೊತ್ತು ಎಂದು ಕೇಳಿದ. ಕೆಂಪು, ಕಪ್ಪು, ಐಲರ್ಟನದು. ಮೂರು ಬರಬೇಕು.

ಅವನು ಮೂಗು ಒರೆಸಿಕೊಂಡು ಮತ್ತೆ ಕೇಳಿದ. ಯಂತ್ರ ಆರಿಸಿ, ಹಚ್ಚಿ, ಮೂರನೇ ಸಲ ಕೇಳಿದ.

"ಇನ್ನೊಂದು ಯಾರ ಹತ್ರ ಇದೆ?" ಎಂದ.

ಐಲರ್ಟ್ ತಾನು ಪಾಠ ಹೇಳಿದ್ದು ಒಂದಕ್ಕೇ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿದ. ಕೆಂಪು ಕೀಯ ಕಾಳು ಬಾವಿಗೆ ಬೀಳುವ ಮುಂಚೆಯೇ ಪುಡಿಯಾಗಿತ್ತು. ಅಂಗಳದಲ್ಲಿ ಹಾರ್ಮ್, ಒನ್ನೋನ ಕೈಗೆ ಕೀ ಕೊಟ್ಟು ಕಳಿಸಿದವನು, ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ತಜ್ಞನ ಯಂತ್ರದಿಂದ ಬಂದ ಕಾಗದವನ್ನು ತಾಲ್ಕೆ ನನಗೆ ಕೊಟ್ಟಿದ್ದಾಳೆ. ಆ ಕಪಾಟಿನಲ್ಲಿ, ಚಹಾ ಡಬ್ಬಿಯ ಕೆಳಗೆ ಇದೆ. ನಂಬದವರು ಎದ್ದು ನೋಡಿಕೊಳ್ಳಿ. ನನಗೆ ಓದಲು ಬರುವುದಿಲ್ಲ, ಆದರೆ ಲೆಕ್ಕ ಬರುತ್ತದೆ. ನಾಲ್ಕು ಅಂತಲೇ ಇದೆ.